ಬರುವ ಕೆಲಸವನ್ನು ಮೊದಲೇ ಕಾಣೋಣ



ಸಂಘದ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಎರಡು. ಒಂದು, “ಪುರುಸೊತ್ತೇ ಇಲ್ಲ ಸಿಸ್ಟರ್.” ಇನ್ನೊಂದು, “ಇದ್ದಕ್ಕಿದ್ದ ಹಾಗೆ ಖರ್ಚು ಬಂದ್ಬಿಡ್ತು ಸಿಸ್ಟರ್.” ಮೊದಲನೆಯ ಮಾತು ಪೂರ್ತಿ ನಿಜ. ಎರಡನೆಯದು ಅರ್ಧ ಮಾತ್ರ ನಿಜ. ಈ ಸಲದ ಪಾಠ ಈ ಎರಡು ಮಾತುಗಳ ಮೇಲೆಯೇ.

ಕೆಲಸ ಬಂದು ಮೈಮೇಲೆ ಬಿದ್ದ ಮೇಲೆ ಓಡಾಡುವುದು ಒಂದು ರೀತಿ. ಬರುವ ಕೆಲಸವನ್ನು ದೂರದಿಂದಲೇ ಕಂಡು ಅದಕ್ಕೆ ಸಿದ್ಧವಾಗಿರುವುದು ಇನ್ನೊಂದು ರೀತಿ. ಎರಡನೆಯದಕ್ಕೆ ತರಬೇತಿಗಳಲ್ಲಿ ‘ಪ್ರೋಆಕ್ಟಿವ್’ ಆಗಿರುವುದು ಅಂತ ಹೇಳುತ್ತಾರೆ. ಬಾಯಾರಿದಾಗ ಬಾವಿ ತೋಡಬೇಡ ಅಂತ ನಮ್ಮ ಹಿರಿಯರು ಹೇಳುತ್ತಿದ್ದದ್ದೂ ಇದನ್ನೇ. ಆದರೆ ಸಮಯ ನಿರ್ವಹಣೆ ಬಗ್ಗೆ ಬಂದಿರುವ ಪುಸ್ತಕಗಳನ್ನು ಬಹಳಷ್ಟು ಆಫೀಸಿನಲ್ಲಿ ಮೇಜು ಕುರ್ಚಿ ಇರುವವರಿಗೆ ಬರೆದಿದ್ದಾರೆ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೋ ಗೊತ್ತಿಲ್ಲದ, ಮಗು ಯಾವಾಗ ಅಳುತ್ತದೋ ಗೊತ್ತಿಲ್ಲದ ಮನೆಗೆ ಅವು ಪೂರ್ತಿ ಹೊಂದುವುದಿಲ್ಲ. ಆದ್ದರಿಂದ ನಮ್ಮ ಮನೆ, ನಮ್ಮ ಹೊಲ, ನಮ್ಮ ಸಂಘದ ಸಾಲದ ಪುಸ್ತಕ ಇವುಗಳನ್ನು ಮುಂದಿಟ್ಟುಕೊಂಡೇ ಯೋಚಿಸೋಣ.

ಪುರುಸೊತ್ತು ಎಲ್ಲಿ ಹೋಗುತ್ತದೆ?

ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯವರು 2019ರಲ್ಲಿ ಮತ್ತು 2024ರಲ್ಲಿ ದೇಶದ ಜನರು ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ಸಮೀಕ್ಷೆ ಮಾಡಿದರು. 2024ರ ಲೆಕ್ಕದ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅಂದರೆ ನಮ್ಮದು ಹತ್ತಿರ ಹತ್ತಿರ ಐದು ಗಂಟೆ, ಅವರದು ಒಂದೂವರೆ ಗಂಟೆ. ಅದೂ ಮನೆಗೆಲಸ ಮಾಡುತ್ತೇವೆ ಎಂದು ಹೇಳಿದ ಗಂಡಸರ ಸರಾಸರಿ ಮಾತ್ರ. ಏನೂ ಮಾಡದವರು ಈ ಲೆಕ್ಕದಲ್ಲೇ ಬರುವುದಿಲ್ಲ. 2019ರಲ್ಲಿ ಹೆಂಗಸರದು 299 ನಿಮಿಷ ಇತ್ತು, ಗಂಡಸರದು 97. ಐದು ವರ್ಷದಲ್ಲಿ ನಮಗೆ ಹತ್ತು ನಿಮಿಷ ಉಳಿಯಿತು. ಅವರೂ ಬಿಡಲಿಲ್ಲ, ಒಂಬತ್ತು ನಿಮಿಷ ಉಳಿಸಿಕೊಂಡರು!

ಹೊಲದ ಕೂಲಿ, ಹಸುವಿನ ಕೆಲಸ, ಮಕ್ಕಳನ್ನೂ ಮುದುಕರನ್ನೂ ನೋಡಿಕೊಳ್ಳುವುದು ಇವೆಲ್ಲ ಈ ಐದು ಗಂಟೆಯ ಹೊರಗೆ. ಆದ್ದರಿಂದ ಸೋಮಾರಿತನ ಬಿಡಿ ಎಂದು ನಿಮಗೆ ಪಾಠ ಹೇಳುವ ಅಗತ್ಯವಿಲ್ಲ. ಆದರೆ ಈ ಸಮಯ ಯಾವ ಯಾವ ಕೆಲಸಕ್ಕೆ ಹರಿದು ಹೋಗುತ್ತಿದೆ ಎಂದು ಕುಳಿತು ನೋಡಿದವರು ಕಡಿಮೆ. ಅದಕ್ಕೆ ಒಂದು ಸುಲಭ ವಿಧಾನ ಇದೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಬರೆದು 24 ಭಾಗ ಮಾಡಿ. ಬೆಳಿಗ್ಗೆ ಏಳುವ ಹೊತ್ತಿನಿಂದ ರಾತ್ರಿ ಮಲಗುವ ತನಕ ಯಾವ ಗಂಟೆಯಲ್ಲಿ ಏನು ಮಾಡುತ್ತೀರಿ ಎಂದು ತುಂಬಿ. ಓದು ಬರಹ ಬಾರದ ಸದಸ್ಯೆಯರು ಕಾಳು, ಕಡ್ಡಿ, ಎಲೆ ಇಟ್ಟು ತುಂಬಬಹುದು. ಪಕ್ಕದಲ್ಲಿ ಗಂಡನ ದಿನದ ವೃತ್ತವನ್ನೂ ಬರೆಯಿರಿ. ಆಮೇಲೆ ಮಗಳದ್ದು.

ಈ ಮಗಳ ವೃತ್ತದ ಹತ್ತಿರ ಸ್ವಲ್ಪ ನಿಲ್ಲಬೇಕು. ತಾಯಿಗೆ ಸಮಯ ಸಾಲದಾಗ ಆ ಕೊರತೆಯನ್ನು ಮೊದಲು ತುಂಬಿಸುವುದು ಯಾರು? ಹೆಚ್ಚಿನ ಮನೆಗಳಲ್ಲಿ ದೊಡ್ಡ ಮಗಳು. “ಇವತ್ತೊಂದು ದಿನ ಸ್ಕೂಲಿಗೆ ಹೋಗಬೇಡ ಕಣೇ, ಪಾಪು ನೋಡ್ಕೋ, ನಾನು ಬ್ಯಾಂಕಿಗೆ ಹೋಗಿ ಬರ್ತೀನಿ.” ಇಂತಹ ಒಂದೊಂದು ದಿನ ಸೇರಿ ತಿಂಗಳಿಗೆ ನಾಲ್ಕೈದು ದಿನ ಆಗುತ್ತದೆ. ಪಾಠ ಹಿಂದೆ ಬೀಳುತ್ತದೆ. ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ “ಇವಳಿಗೆ ಓದು ತಲೆಗೆ ಹತ್ತಲ್ಲ” ಎಂದು ಮದುವೆಯ ಮಾತು ಶುರುವಾಗುತ್ತದೆ. ಬ್ಯಾಂಕಿಗೆ ಹೋಗುವ ದಿನ ಒಂದು ವಾರ ಮುಂಚೆಯೇ ಗೊತ್ತಿದ್ದಿದ್ದರೆ ಪಕ್ಕದ ಮನೆಯ ಸದಸ್ಯೆಗೆ ಮಗುವನ್ನು ಬಿಡಬಹುದಿತ್ತು, ಅಥವಾ ಮಗಳಿಗೆ ರಜೆ ಇರುವ ದಿನ ನೋಡಬಹುದಿತ್ತು. ತಾಯಿ ಮುಂದಾಲೋಚನೆ ಮಾಡದಿದ್ದರೆ ಅದರ ಬೆಲೆಯನ್ನು ಮಗಳು ಕಟ್ಟುತ್ತಾಳೆ. ಸಮಯದ ವಿಷಯ ನನಗೆ ಇಷ್ಟು ಮುಖ್ಯವಾಗಿ ಕಾಣುವುದು ಈ ಕಾರಣಕ್ಕೆ.

ವೃತ್ತ ತುಂಬಿದ ಮೇಲೆ ನೋಡಿ: ಬೆಳಿಗ್ಗೆಯ ಎರಡು ಗಂಟೆಯಲ್ಲಿ ಕೆಲಸ ಗುಡ್ಡೆ ಬಿದ್ದಿರುತ್ತದೆ. ಅದರಲ್ಲಿ ಹಿಂದಿನ ರಾತ್ರಿಯೇ ಮಾಡಬಹುದಾದದ್ದು ಯಾವುದು? ಸೌದೆ ಒಳಗೆ ತಂದಿಡುವುದು, ತರಕಾರಿ ಹೆಚ್ಚುವುದು, ಮಕ್ಕಳ ಬಟ್ಟೆ ಚೀಲ ಜೋಡಿಸುವುದು. ಮಗ ಮಾಡಬಹುದಾದದ್ದು ಯಾವುದು? ಹನ್ನೆರಡು ವರ್ಷದ ಹುಡುಗನಿಗೆ ಸೈಕಲ್ ಮೇಲೆ ಎರಡು ಕೊಡ ನೀರು ತರಲು ಬರುತ್ತದೆ, ತನ್ನ ತಟ್ಟೆ ತೊಳೆಯಲೂ ಬರುತ್ತದೆ. ಮಾಡು ಅಂತ ಹೇಳಬೇಕು, ಅಷ್ಟೇ. ರಾತ್ರಿ ಮಲಗುವ ಮುಂಚೆ ನಾಳೆ ಆಗಲೇಬೇಕಾದ ಮೂರು ಕೆಲಸ ಯಾವುವು ಎಂದು ಒಂದು ಸಲ ನೆನೆಸಿಕೊಳ್ಳಿ. ಮೂರೇ ಸಾಕು, ಹತ್ತು ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ಪೇಟೆಯ ಓಡಾಟವನ್ನೂ ನೋಡಿ. ಬ್ಯಾಂಕಿಗೆ ಒಂದು ದಿನ, ರೇಷನ್ ಕಾರ್ಡಿನ ಕೆಲಸಕ್ಕೆ ಇನ್ನೊಂದು ದಿನ, ಜೆರಾಕ್ಸ್ ತರಲು ಮರೆತದ್ದಕ್ಕೆ ಮತ್ತೊಂದು ದಿನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಉಳಿಯಿತು, ಒಳ್ಳೆಯದೇ ಆಯಿತು. ಆದರೆ ಹೋದ ದಿನದ ಕೂಲಿ ಉಳಿಯುವುದಿಲ್ಲ. ಆಧಾರ್, ರೇಷನ್ ಕಾರ್ಡ್, ಪಾಸ್ ಪುಸ್ತಕ ಇವುಗಳ ಎರಡೆರಡು ಜೆರಾಕ್ಸ್, ನಾಲ್ಕು ಫೋಟೋ ಒಂದು ಚೀಲದಲ್ಲಿ ಸದಾ ಇಟ್ಟಿರಿ. ಪೇಟೆ ಕೆಲಸಗಳನ್ನು ಕೂಡಿಟ್ಟು ಒಂದೇ ದಿನ ಹೋಗಿ.

‘ಇದ್ದಕ್ಕಿದ್ದ ಹಾಗೆ’ ಬಂದದ್ದು ಎಷ್ಟು?

ಈಗ ಎರಡನೆಯ ಮಾತಿಗೆ ಬರೋಣ. ನಿಮ್ಮ ಸಂಘದ ಸಾಲದ ಪುಸ್ತಕ ತೆಗೆಯಿರಿ. ಕಳೆದ ಎರಡು ವರ್ಷ ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ ಸಾಲ ಹೋಗಿದೆ ಎಂದು ಪುಸ್ತಕ ಬರೆಯುವವರು ಓದಿ ಹೇಳಲಿ. ಮೇ-ಜೂನ್‌ನಲ್ಲಿ ಶಾಲೆ ಖರ್ಚು, ಬಿತ್ತನೆ ಬೀಜ, ಗೊಬ್ಬರ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಗೌರಿ ಹಬ್ಬ. ಆಮೇಲೆ ದಸರಾ, ದೀಪಾವಳಿ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್. ಊರ ಜಾತ್ರೆಗೆ ನೆಂಟರು. ಇವುಗಳಲ್ಲಿ ಯಾವುದು ಇದ್ದಕ್ಕಿದ್ದ ಹಾಗೆ ಬಂತು ಹೇಳಿ? ಜೂನ್ ತಿಂಗಳು ಪ್ರತಿ ವರ್ಷ ಜೂನ್‌ನಲ್ಲೇ ಬರುತ್ತದೆ. ರಂಜಾನ್ ಒಂದು ವರ್ಷದಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ, ಆದರೆ ಅದೂ ಕ್ಯಾಲೆಂಡರಿನಲ್ಲಿ ಇರುತ್ತದೆ. ನಿಜವಾಗಿ ಇದ್ದಕ್ಕಿದ್ದಂತೆ ಬರುವುದು ಕಾಯಿಲೆ, ಅಪಘಾತ, ಸಾವು, ದನ ಸಾಯುವುದು. ಪುಸ್ತಕದಲ್ಲಿ ಇವುಗಳ ಸಾಲ ಎಷ್ಟಿದೆ, ಗೊತ್ತಿದ್ದ ಖರ್ಚಿನ ಸಾಲ ಎಷ್ಟಿದೆ ಎಂದು ಬೇರೆ ಬೇರೆ ಎಣಿಸಿ ನೋಡಿ.

ಗೊತ್ತಿದ್ದ ಖರ್ಚಿಗೆ ಮೊದಲೇ ಸಿದ್ಧರಾಗದಿದ್ದರೆ ಎಷ್ಟು ನಷ್ಟ? ಒಂದು ಲೆಕ್ಕ ಹಾಕೋಣ. ಒಬ್ಬ ತಾಯಿಗೆ ಜೂನ್‌ನಲ್ಲಿ ಮಕ್ಕಳ ಶಾಲೆಗೆ 6000 ರೂಪಾಯಿ ಬೇಕು ಅಂದುಕೊಳ್ಳಿ. ಕೊನೆಯ ಗಳಿಗೆಯಲ್ಲಿ ಬಡ್ಡಿಗೆ ಕೊಡುವವರ ಹತ್ತಿರ ಹೋದರೆ ನೂರಕ್ಕೆ ತಿಂಗಳಿಗೆ ಐದು ರೂಪಾಯಿ. ತಿಂಗಳಿಗೆ 300 ರೂಪಾಯಿ ಬಡ್ಡಿ. ಅಸಲು ಹಾಗೇ ನಿಂತರೆ ಹತ್ತು ತಿಂಗಳಿಗೆ 3000 ರೂಪಾಯಿ ಬಡ್ಡಿಯೇ ಹೋಯಿತು, 6000 ಇನ್ನೂ ತಲೆ ಮೇಲಿದೆ. ಅದೇ ತಾಯಿ ಏಪ್ರಿಲ್‌ನಲ್ಲೇ ಸಂಘದಲ್ಲಿ ಹೆಸರು ಬರೆಸಿ ನೂರಕ್ಕೆ ಎರಡು ರೂಪಾಯಿಯಂತೆ ಪಡೆದು, ತಿಂಗಳಿಗೆ 600 ಅಸಲು ಕಟ್ಟುತ್ತಾ ಬಂದರೆ, ಮೊದಲ ತಿಂಗಳು ಬಡ್ಡಿ 120, ಆಮೇಲೆ 108, 96 ಹೀಗೆ ಇಳಿಯುತ್ತಾ ಹತ್ತು ತಿಂಗಳಿಗೆ ಒಟ್ಟು 660 ರೂಪಾಯಿ ಬಡ್ಡಿ. ಸಾಲವೂ ತೀರಿತು. ಆ 660 ಕೂಡ ಹೊರಗೆ ಹೋಗಲಿಲ್ಲ, ಸಂಘದ ನಿಧಿಗೇ ಸೇರಿತು. ಇನ್ನೂ ಮುಂಚೆ, ಹಿಂದಿನ ಜೂನ್‌ನಿಂದಲೇ ವಾರಕ್ಕೆ 120 ರೂಪಾಯಿ ಬೇರೆ ಇಟ್ಟಿದ್ದರೆ? ಐವತ್ತು ವಾರಕ್ಕೆ 6000. ಬಡ್ಡಿ ಸೊನ್ನೆ. ವಾರಕ್ಕೆ 120 ಎಲ್ಲರಿಗೂ ಆಗುವ ಮಾತಲ್ಲ, ನನಗೆ ಗೊತ್ತು. 40 ರೂಪಾಯಿ ಆಗುವುದಾದರೆ 2000 ಕೂಡುತ್ತದೆ, ಸಾಲ 4000ಕ್ಕೆ ಇಳಿಯುತ್ತದೆ. ಅದೂ ಲಾಭವೇ.

ಖರ್ಚಿನ ಹಾಗೆಯೇ ಆದಾಯ ನಿಲ್ಲುವ ಕಾಲವೂ ಮೊದಲೇ ಗೊತ್ತಿರುತ್ತದೆ. ಹಸು ಸಾಕುವ ಸಹೋದರಿಯರು ಇದನ್ನು ಗಮನಿಸಿ. ಹಸು ಗಬ್ಬ ನಿಂತು ಸುಮಾರು 280 ದಿನಕ್ಕೆ ಕರು ಹಾಕುತ್ತದೆ. ಅದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಬೇಕು, ಇಲ್ಲದಿದ್ದರೆ ಹಸುವಿಗೂ ಮುಂದಿನ ಹಾಲಿಗೂ ನಷ್ಟ. ಜನವರಿ 10ರಂದು ಡಾಕ್ಟರು ಬಂದು ಸೂಜಿ ಹಾಕಿ ಗಬ್ಬ ನಿಂತಿತು ಅಂದುಕೊಳ್ಳಿ. ಅಕ್ಟೋಬರ್ 17ರ ಆಸುಪಾಸಿಗೆ ಕರು. ಆಗಸ್ಟ್ ಮಧ್ಯದಿಂದಲೇ ಡೈರಿಗೆ ಹಾಲಿಲ್ಲ. ಕರು ಹಾಕಿದ ಮೇಲೂ ಗಿಣ್ಣು ಹಾಲಿನ ದಿನ ಕಳೆಯುವ ತನಕ ಡೈರಿಗೆ ಹಾಕುವಂತಿಲ್ಲ. ಅಂದರೆ ಗೌರಿ ಹಬ್ಬಕ್ಕೂ ದಸರಾಕ್ಕೂ ಬಟವಾಡೆ ಬರುವುದಿಲ್ಲ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಈ ಸಂಕಟ ಆಗಸ್ಟ್‌ನಲ್ಲಿ ಹುಟ್ಟಿದ್ದಲ್ಲ, ಏಳು ತಿಂಗಳು ಮುಂಚೆಯೇ ನಮಗೆ ತಿಳಿದಿತ್ತು! ಆದ್ದರಿಂದ ಸೂಜಿ ಹಾಕಿಸಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಗಬ್ಬ ನಿಂತದ್ದು ಖಚಿತವಾದ ಕೂಡಲೇ ಸಂಘಕ್ಕೆ ತಿಳಿಸಿ. ಹಾಲು ಹೆಚ್ಚಿರುವ ತಿಂಗಳಲ್ಲಿ ದೊಡ್ಡ ಕಂತು, ಬತ್ತಿದ ಎರಡು ತಿಂಗಳು ಬಡ್ಡಿ ಮಾತ್ರ ಎಂದು ಸಂಘದ ಸಭೆಯಲ್ಲಿ ಮೊದಲೇ ತೀರ್ಮಾನ ಮಾಡಿ ಪುಸ್ತಕದಲ್ಲಿ ಬರೆಸಬಹುದು. ಮೊದಲೇ ಕೇಳಿದರೆ ಅದು ಒಪ್ಪಂದ. ಕಂತು ತಪ್ಪಿದ ಮೇಲೆ ಕೇಳಿದರೆ ಸುಸ್ತಿ. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ ಹಾಕುತ್ತಾರೆ, ಆ ತಾರೀಖೂ ಕ್ಯಾಲೆಂಡರಿನಲ್ಲಿ ಇರಲಿ.

ಕಾಗದ ಪತ್ರಗಳದೂ ಇದೇ ಕಥೆ. ಮೇ ಕೊನೆಗೆ ನಾಡಕಚೇರಿ ಮುಂದೆ ಸಾಲು ನೋಡಿದ್ದೀರಲ್ಲ? ಜಾತಿ, ಆದಾಯ ಪ್ರಮಾಣಪತ್ರ ಹಾಸ್ಟೆಲ್‌ಗೂ ವಿದ್ಯಾರ್ಥಿವೇತನಕ್ಕೂ ಬೇಕು. ಮನೆಯಲ್ಲಿರುವ ಪ್ರಮಾಣಪತ್ರವನ್ನು ಫೆಬ್ರವರಿಯಲ್ಲೇ ತೆಗೆದು ಅದರ ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡಿ. ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ರಸೀದಿ ಕೇಳಿ ಪಡೆಯಿರಿ. ಇಷ್ಟು ದಿನದೊಳಗೆ ಕೊಡಬೇಕು ಎಂಬ ಮಿತಿ 2011ರ ಸಕಾಲ ಕಾಯಿದೆಯಲ್ಲಿ ಇದೆ. ಮಕ್ಕಳ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಗುರುತನ್ನು 5 ವರ್ಷ ತುಂಬಿದಾಗ ಮತ್ತು 15 ವರ್ಷ ತುಂಬಿದಾಗ ಹೊಸದಾಗಿ ಕೊಡಿಸಬೇಕು. ಹುಟ್ಟಿದ ತಾರೀಖು ನಿಮಗೆ ಗೊತ್ತೇ ಇದೆ.

ಇನ್ನೊಂದು ಮಾತು. ಬರುತ್ತದೆ ಎಂದು ನಂಬಿದ ಹಣ ಬರುವ ಮುಂಚೆಯೇ ಖರ್ಚು ಮಾಡಬೇಡಿ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2000 ರೂಪಾಯಿ ಎಷ್ಟೋ ಸಂಸಾರಗಳನ್ನು ಎತ್ತಿ ನಿಲ್ಲಿಸಿದೆ. ಆದರೆ ಕಂತು ತಡವಾಗಿ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದದ್ದೂ ಉಂಟು. ಅದನ್ನು ನಂಬಿ ವಾರದ ಕಂತಿನ ಸಾಲ ಎತ್ತಿದವರು ಆ ತಿಂಗಳುಗಳಲ್ಲಿ ಇನ್ನೊಂದು ಕಡೆ ಸಾಲ ಮಾಡಿ ಕಂತು ಕಟ್ಟಿದರು. ಸಾಲ ವಸೂಲಿಯ ಕಿರುಕುಳ ಹೆಚ್ಚಾಗಿ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಿರುಕುಳ ಕೊಟ್ಟರೆ ದೂರು ಕೊಡಲು ಹಿಂಜರಿಯಬೇಡಿ. ಆದರೆ ಕಾನೂನು ಬರುವುದು ಬಾಗಿಲಲ್ಲಿ ಜಗಳ ಆದ ಮೇಲೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಎತ್ತುವ ಯೋಚನೆ ಬಂದ ದಿನವೇ ಸಂಘದಲ್ಲಿ ಬಾಯಿ ಬಿಟ್ಟು ಹೇಳಿ. ನಾಚಿಕೆಯಿಂದ ಮುಚ್ಚಿಟ್ಟದ್ದು ಮೂರನೆಯ ಸಾಲಕ್ಕೆ ಹೋಗುತ್ತದೆ.

ನನ್ನ ಕೈಯಲ್ಲಿ, ನಮ್ಮ ಕೈಯಲ್ಲಿ

ಸ್ಟೀಫನ್ ಕವಿ ಎಂಬ ಅಮೆರಿಕದ ಲೇಖಕರು 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಏಳು ಒಳ್ಳೆಯ ಅಭ್ಯಾಸಗಳನ್ನು ಹೇಳುತ್ತಾರೆ. ಅದರಲ್ಲಿ ಮೊದಲನೆಯದೇ ಮುಂದಾಗಿ ಕೆಲಸ ಮಾಡುವುದು. ನಮ್ಮನ್ನು ಚಿಂತೆಗೆ ಹಾಕುವ ವಿಷಯಗಳು ಬಹಳ, ನಾವು ಬದಲಾಯಿಸಬಹುದಾದದ್ದು ಅದರಲ್ಲಿ ಸ್ವಲ್ಪ. ಆ ಸ್ವಲ್ಪದ ಮೇಲೆ ಶಕ್ತಿ ಹಾಕಿದರೆ ಅದು ಬೆಳೆಯುತ್ತದೆ ಎಂಬುದು ಅವರ ವಾದ. ಒಳ್ಳೆಯ ಮಾತೇ. ಆದರೆ ಅವರು ಒಬ್ಬೊಬ್ಬ ಮನುಷ್ಯನನ್ನು ನೋಡಿ ಬರೆದಿದ್ದಾರೆ. ನಮಗೆ ಸಂಘ ಇದೆ. ಆದ್ದರಿಂದ ನಾನು ಮೂರು ಗುಂಪು ಮಾಡಿಸುತ್ತೇನೆ: ನನ್ನ ಕೈಯಲ್ಲಿರುವುದು, ನಮ್ಮ ಸಂಘದ ಕೈಯಲ್ಲಿರುವುದು, ಯಾರ ಕೈಯಲ್ಲೂ ಇಲ್ಲದ್ದು.

ಮಳೆ ಯಾರ ಕೈಯಲ್ಲೂ ಇಲ್ಲ. ಮಳೆಗೆ ಮುಂಚೆ ಸೌದೆ ಒಣಗಿಸಿ ಇಡುವುದು, ಸೋರುವ ಹೆಂಚು ಸರಿ ಮಾಡಿಸುವುದು ನನ್ನ ಕೈಯಲ್ಲಿದೆ. ನೀರು ಬಿಡುವ ಹೊತ್ತು ನನ್ನೊಬ್ಬಳ ಕೈಯಲ್ಲಿಲ್ಲ, ಆದರೆ ಹದಿನೈದು ಜನ ಸಹಿ ಹಾಕಿ ಪಂಚಾಯಿತಿಗೆ ಕೊಟ್ಟ ಅರ್ಜಿಯ ಕೈಯಲ್ಲಿ ಇರಬಹುದು. ಗ್ರಾಮಸಭೆ ವರ್ಷಕ್ಕೆ ಕನಿಷ್ಠ ಎರಡು ಸಲ ನಡೆಯಲೇಬೇಕು. ಕಾಮಗಾರಿ ಪಟ್ಟಿ ಆದ ಮೇಲೆ ಹೋದರೆ “ಮುಂದಿನ ವರ್ಷ ನೋಡೋಣ ಕಣಮ್ಮ” ಅಂತಾರೆ. ತಾರೀಖು ಮೊದಲೇ ವಿಚಾರಿಸಿ, ಅರ್ಜಿ ಬರೆದುಕೊಂಡು, ಒಟ್ಟಿಗೆ ಹೋಗಬೇಕು.

ಗಂಡನ ಕುಡಿತವನ್ನು ಹೆಂಗಸರು ಮೂರನೆಯ ಗುಂಪಿಗೆ ಹಾಕುತ್ತಾರೆ. ಅದು ತಪ್ಪು ಎಂದು ನಾನು ವಾದ ಮಾಡುವುದಿಲ್ಲ, ಕುಡಿತ ಬಿಡಿಸುವುದು ಹೆಂಡತಿಯ ಜವಾಬ್ದಾರಿ ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಆದರೆ ಕೂಲಿಯ ದುಡ್ಡನ್ನು ಅಕ್ಕಿ ಡಬ್ಬದಲ್ಲಿ ಇಡುವುದೋ, ಅದೇ ದಿನ ತನ್ನ ಹೆಸರಿನ ಖಾತೆಗೋ ಸಂಘಕ್ಕೋ ಕಟ್ಟುವುದೋ, ಇದು ಅವಳ ಕೈಯಲ್ಲಿದೆ. ಡಬ್ಬ ಎಲ್ಲಿದೆ ಎಂದು ಅವನಿಗೂ ಗೊತ್ತು.

ಸಂಘದ ಸಭೆಯ ಸಮಯ ಪೂರ್ತಿ ನಮ್ಮ ಕೈಯಲ್ಲೇ ಇದೆ. ಹದಿನೈದು ಜನರ ಸಂಘದಲ್ಲಿ ಸಭೆ ನಲವತ್ತು ನಿಮಿಷ ತಡವಾಗಿ ಶುರುವಾದರೆ ಹೋದದ್ದು ನಲವತ್ತು ನಿಮಿಷ ಅಲ್ಲ, 600 ನಿಮಿಷ, ಅಂದರೆ ಹತ್ತು ಗಂಟೆ. ಕ್ರಮಬದ್ಧ ಸಭೆ ಎಂದು ಪಂಚಸೂತ್ರದಲ್ಲಿ ನಾವು ಬಾಯಿಪಾಠ ಹೇಳುತ್ತೇವೆ. ಸಮಯಕ್ಕೆ ಬಂದವಳನ್ನು ಕಾಯಿಸುವುದು ಯಾವ ಕ್ರಮ? ಹಾಗೆಯೇ ಯಾವುದೋ ಸಮಾರಂಭಕ್ಕೆ ಕುರ್ಚಿ ತುಂಬಿಸಲು “ಸಂಘದ ಹೆಂಗಸರನ್ನು ಕಳಿಸಿ” ಎಂದು ಕರೆ ಬರುತ್ತದೆ. ಹತ್ತು ಗಂಟೆಗೆ ಬರಲು ಹೇಳಿ ಹನ್ನೆರಡಕ್ಕೆ ಅತಿಥಿಗಳು ಬರುತ್ತಾರೆ. ನಮಗೆ ಪ್ರಯೋಜನ ಇಲ್ಲದ ಕಡೆಗೆ ವಿನಯದಿಂದ “ಆಗುವುದಿಲ್ಲ” ಎನ್ನಲು ಕಲಿಯುವುದೂ ಸಮಯ ನಿರ್ವಹಣೆಯೇ.

ಇಷ್ಟೆಲ್ಲ ಓದಿ “ಹಾಗಾದ್ರೆ ಒಂದು ನಿಮಿಷವೂ ಕೂರಬಾರದಾ ಸಿಸ್ಟರ್?” ಅಂತ ಕೇಳಬೇಡಿ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿ ಇದೆ. ಮದುವಣಿಗನನ್ನು ಎದುರುಗೊಳ್ಳಲು ಹತ್ತು ಜನ ದೀಪ ಹಿಡಿದು ಹೋದರು. ಐವರು ಬೇರೆ ಪಾತ್ರೆಯಲ್ಲಿ ಎಣ್ಣೆಯನ್ನೂ ಒಯ್ದರು, ಐವರು ಒಯ್ಯಲಿಲ್ಲ. ಮದುವಣಿಗ ತಡಮಾಡಿದ. ಆಗ ಹತ್ತು ಜನರೂ ನಿದ್ದೆ ಹೋದರು. ಜಾಣೆಯರೂ ನಿದ್ದೆ ಹೋದರು ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಎಣ್ಣೆ ಪಕ್ಕದಲ್ಲಿತ್ತು, ನೆಮ್ಮದಿಯಾಗಿ ಮಲಗಿದರು. ನಿಮ್ಮ 24 ಗಂಟೆಯ ವೃತ್ತದಲ್ಲಿ ಮಧ್ಯಾಹ್ನ ಅರ್ಧ ಗಂಟೆ ಕಾಲು ಚಾಚುವ ಸಮಯಕ್ಕೂ ಒಂದು ಕಾಳು ಇಡಿ.

ಮುಂದಿನ ಸಭೆಗಳಲ್ಲಿ ಮಾಡಲು

ಮೊದಲ ವಾರ 24 ಗಂಟೆಯ ವೃತ್ತ ಬರೆಯಿರಿ. ಗಂಡನ, ಮಗಳ ವೃತ್ತವನ್ನು ಬಿಡಬೇಡಿ. ಎರಡನೆಯ ವಾರ ಸಾಲದ ಪುಸ್ತಕ ನೋಡಿ, ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳ ಪಟ್ಟಿ ಮಾಡಿ: ಮೇಲಿನ ಸಾಲಿನಲ್ಲಿ ಖರ್ಚು, ಕೆಳಗಿನ ಸಾಲಿನಲ್ಲಿ ಕೂಲಿ, ಹಾಲು, ರಾಗಿ ಕೊಯ್ಲು ಹೀಗೆ ಆದಾಯ. ಖರ್ಚು ಹೆಚ್ಚಿ ಆದಾಯ ಬತ್ತುವ ತಿಂಗಳಿಗೆ ಕೆಂಪು ಗುರುತು ಹಾಕಿ. ಆ ಹಾಳೆ ಸಭೆ ನಡೆಯುವ ಮನೆಯ ಗೋಡೆ ಮೇಲೆ ಇರಲಿ. ಕೆಂಪು ತಿಂಗಳಿಗೆ ಎರಡು ತಿಂಗಳು ಮುಂಚೆ ಯಾರಿಗೆ ಎಷ್ಟು ಬೇಕಾಗುತ್ತದೆ ಎಂದು ಪ್ರತಿನಿಧಿಗಳು ಸಭೆಯಲ್ಲಿ ಕೇಳಿ ಬರೆದುಕೊಳ್ಳಲಿ. ಮೂರನೆಯ ವಾರ ಈ ಪ್ರಶ್ನೆಗಳನ್ನು ಚರ್ಚಿಸಿ:

ಕಳೆದ ವರ್ಷ ನಮ್ಮ ಸಂಘದ ಸಾಲಗಳಲ್ಲಿ ಮೊದಲೇ ಗೊತ್ತಿದ್ದ ಖರ್ಚಿಗೆ ಹೋದದ್ದು ಎಷ್ಟು?

ನಮ್ಮಲ್ಲಿ ಯಾರ ಮಗಳು ಕಳೆದ ತಿಂಗಳು ಮನೆಗೆಲಸಕ್ಕಾಗಿ ಶಾಲೆ ಬಿಟ್ಟಳು? ಎಷ್ಟು ದಿನ? ಮುಂದಿನ ತಿಂಗಳು ಆ ದಿನಗಳಲ್ಲಿ ಯಾರು ಯಾರ ಮನೆಗೆ ಆಸರೆಯಾಗಬಹುದು?

ಒಬ್ಬಳಿಂದ ಆಗದೆ ಸಂಘದಿಂದ ಆಗುವ ಒಂದು ಕೆಲಸ ಯಾವುದು? ಅದಕ್ಕೆ ಯಾವ ತಾರೀಖಿಗೆ, ಯಾರು ಯಾರು ಹೋಗುವುದು?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಒಕ್ಕೂಟದ ಸಭೆಗೆ ಬರುವಾಗ ಹನ್ನೆರಡು ತಿಂಗಳ ಹಾಳೆಯನ್ನೂ ತನ್ನಿ, ಒಂದು ಸಂಘದ್ದು ಇನ್ನೊಂದು ಸಂಘದವರು ನೋಡೋಣ.